ಕೋಶದಮ್ಮನೂ ಅವಳ ಅಕ್ಕನೂ

ಸಂಶೋಧನಾಲಯದ ಹುಡುಗ ಹುಡುಗಿಯರೆಲ್ಲ ಸೇರಿ ಅವಳಿಗೆ ಕೋಶದಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೂ ಅಂಥ ಹೆಸರು ಕಿವಿಗೆ ಬೀಳದೆ ಇದ್ದೀತೆ? ಕೇಳಿದ ದಿನ ಅವಳು ಒಳಗೊಳಗೇ ನಕ್ಕು ಸುಮ್ಮನಾಗಿದ್ದಳು. ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಮನುಷ್ಯರ ಮೈಯಿಂದ ತೆಗೆದ ಜೀವಕೋಶಗಳನ್ನು ಚಪ್ಪಟೆ ಡಬ್ಬಿಗಳಲ್ಲಿ ಸಾಕುವುದು ಅವಳ ಕೆಲಸ. ಅವಕ್ಕೆ ಕುಡಿಯಲು ಗುಲಾಬಿ ಬಣ್ಣದ ದ್ರವ ಹಾಕಬೇಕು. ಅವು ಹೊಲಸು ಮಾಡಿಕೊಂಡಂತೆಲ್ಲ ಅದು ಹಳದಿಗೆ ತಿರುಗುತ್ತದೆ. ಹಳದಿಯಾಯಿತೆಂದರೆ ಹಳೆಯದನ್ನು ಹೀರಿ ತೆಗೆದು ಹೊಸದನ್ನು ಹಾಕಬೇಕು. ಡಬ್ಬಿ ತುಂಬಿ ಇಕ್ಕಟ್ಟಾದರೆ ಪಾಲು ಮಾಡಿ ಬೇರೆ ಡಬ್ಬಿಗೆ ಬಿಡಬೇಕು. ಆಮೇಲೆ ಮೈಬಿಸಿಯಷ್ಟೇ ಬಿಸಿ ಇರುವ ಉಕ್ಕಿನ ಪೆಟ್ಟಿಗೆಯೊಳಗೆ ಇಟ್ಟು ಮೆಲ್ಲಗೆ ಬಾಗಿಲು ಹಾಕಬೇಕು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಗಾಳಿ ಬೀಸುವ ಯಂತ್ರದ ಗುಂಯ್ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಪದೇ ಪದೇ ಸ್ಪಿರಿಟ್ ಸವರಿಕೊಂಡು ಅವಳ ಅಂಗೈ ಬಿರುಕು ಬಿಟ್ಟಿತ್ತು.

ಕೋಶಗಳಿಗೆ ಭಾನುವಾರವಿಲ್ಲ, ರಜೆಯಿಲ್ಲ. ಹಾಗಾಗಿ ಅವಳಿಗೂ ಇರಲಿಲ್ಲ. ಒಂದು ಕಾಲಕ್ಕೆ ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಒಬ್ಬ ಅವಳನ್ನು ಇಷ್ಟಪಟ್ಟು, ತನ್ನ ತಾಯಿಯನ್ನು ಮಾತಿಗೆ ಕರೆತಂದಿದ್ದ. ತಾಯಿ, "ನೀನು ಮಾಡೋ ಕೆಲಸ ಏನಮ್ಮ?" ಎಂದು ಕೇಳಿದಾಗ, ಇವಳು ಬಾಯಿ ತೆರೆಯುವ ಮೊದಲೇ ಅಕ್ಕ ನಡುವೆ ಬಾಯಿ ಹಾಕಿ, "ಕ್ಯಾನ್ಸರ್‌ಗೆ ಊಟ ಹಾಕೋ ಕೆಲಸ" ಎಂದುಬಿಟ್ಟಳು. ಆ ತಾಯಿ ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು ಎದ್ದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. "ಬದುಕಿಕೊಂಡೆ ಕಣೇ ಗುಬ್ಬಿ" ಎಂದು ಅಕ್ಕ ಆಮೇಲೂ ಎಷ್ಟೋ ಸಲ ಹೇಳಿ ನಗುತ್ತಿದ್ದಳು. ಮನೆಯಲ್ಲಿ ಕೋಶದಮ್ಮನ ಹೆಸರು ಗುಬ್ಬಿ.

ಅಕ್ಕ ಸಿಟಿ ಬಸ್ಸಿನ ಕಂಡಕ್ಟರ್. ತಮ್ಮ ತಾಯಿ ತೀರಿಕೊಂಡ ವರ್ಷವೇ ಓದು ಬಿಟ್ಟು ಚೀಲ ಹೆಗಲಿಗೆ ಹಾಕಿಕೊಂಡವಳು. ಗಂಡ ಅದೇ ಬಸ್ಸಿನ ಡ್ರೈವರ್. ಇಡೀ ದಿನ ಅವಳು ಹಿಂದಿನಿಂದ ಕೂಗುತ್ತಿದ್ದಳು, ಅವನು ಮುಂದೆ ಕುಳಿತು ಕೇಳುತ್ತಿದ್ದ. ಮನೆಯಲ್ಲೂ ಅದೇ ಪದ್ಧತಿ ಮುಂದುವರಿದಿತ್ತು. ಮಕ್ಕಳಾಗಲಿಲ್ಲ. ಡಿಪೋ ಹಿಂದಿನ ಇಳಿಜಾರು ಬೀದಿಯಲ್ಲಿ ಅವರದೊಂದು ಪುಟ್ಟ ಮನೆ, ಮಹಡಿಯ ಮೇಲಿನ ಕೋಣೆ ತಂಗಿಯದು. ಬೆಳಿಗ್ಗೆ ಮೂವರೂ ಒಟ್ಟಿಗೆ ಬೀಗ ಹಾಕಿ ಹೊರಡುತ್ತಿದ್ದರು.

ಸಂಶೋಧನಾಲಯದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಮೆಲುದನಿಯ, ಯಾವಾಗಲೂ ಕನ್ನಡಕ ಹುಡುಕುತ್ತಲೇ ಇರುವ ಹೆಂಗಸು. ಸ್ತನದ ಹಾಲಿನ ನಾಳದ ಕೋಶಗಳ ಮೇಲೆ ಹೊಸ ಕೆಲಸ ಶುರುವಾದಾಗ ಮೇಡಂ ಕೋಶದಮ್ಮನನ್ನು ಕೂರಿಸಿಕೊಂಡು ವಿವರಿಸಿದ್ದರು. ಮೈಯೊಳಗೆ ಎಲ್ಲೆಲ್ಲಿ ಟೊಳ್ಳು ಕೊಳವೆಗಳಿವೆಯೋ ಅಲ್ಲೆಲ್ಲ ಒಳಮೈಗೆ ಕೋಶಗಳ ಒಂದು ಹೊದಿಕೆ ಇರುತ್ತದೆ. ಕರುಳಿನಲ್ಲಿ, ಮೂತ್ರಪಿಂಡದಲ್ಲಿ, ಹಾಲಿನ ನಾಳದಲ್ಲಿ. ಪಾಠಪುಸ್ತಕದವರು ಅವನ್ನು ಅನುಲೇಪಕ ಕೋಶಗಳು ಎನ್ನುತ್ತಾರೆ. ಅಲ್ಲಿ ನಿಂತ ಒಂದೊಂದು ಕೋಶಕ್ಕೂ ತಲೆ ಯಾವುದು, ಕಾಲು ಯಾವುದು ಎಂಬ ಅರಿವಿರುತ್ತದೆ. ತಲೆ ಟೊಳ್ಳಿನ ಕಡೆಗೆ, ಕಾಲು ತಳದ ತೆಳ್ಳನೆಯ ಪೊರೆಯ ಮೇಲೆ, ಎರಡು ಪಕ್ಕಗಳೂ ನೆರೆಯವರಿಗೆ ಅಂಟಿಕೊಂಡು.

"ಅದಕ್ಕೆ ಗೊತ್ತಾಗೋದು ಹೇಗೆ ಮೇಡಂ?"

"ತಳದ ಪೊರೆ ತಾಗಿದ ಕಡೆ ಕಾಲು ಅಂತ ತಿಳ್ಕೊಳ್ಳುತ್ತೆ. ಆಮೇಲೆ ಕೋಶದೊಳಗೆ ಪ್ರೋಟೀನುಗಳ ಎರಡು ಗುಂಪು ಇದಾವೆ. ತಲೆ ಕಡೆ ಗುಂಪು ಕೆಳಗಿನವರನ್ನ ಹತ್ತಿರ ಸೇರಿಸಲ್ಲ. ಕೆಳಗಿನವರೂ ಅಷ್ಟೇ, ಮೇಲಿನವರು ಇಳಿದು ಬಂದ್ರೆ ಒದ್ದು ಓಡಿಸ್ತಾರೆ. ಇಪ್ಪತ್ತನಾಲ್ಕು ಗಂಟೆ ಜಗಳ. ಯಾರೂ ಗೆಲ್ಲಲ್ಲ, ಹಾಗಾಗಿ ಗಡಿ ಉಳ್ಕೊಳ್ಳುತ್ತೆ."

ಕೋಶ ಎರಡಾಗುವಾಗಲೂ ಈ ಅರಿವು ಬೇಕಂತೆ. ಅಕ್ಕಪಕ್ಕಕ್ಕೆ ಒಡೆದರೆ ಎರಡರ ಕಾಲೂ ಪೊರೆಯ ಮೇಲೆಯೇ ಇರುತ್ತವೆ. ಮೇಲೆ ಕೆಳಗೆ ಒಡೆದರೆ ಒಂದು ಕೋಶ ಟೊಳ್ಳಿನೊಳಕ್ಕೆ ಬೀಳುತ್ತದೆ. ಬಿದ್ದ ಕೋಶ ಕಾಲಿಗೆ ನೆಲ ಸಿಗದೆ ತಾನಾಗಿಯೇ ಸಾಯುತ್ತದೆ. ಹಾಗೆ ಸಾಯುವುದರಿಂದಲೇ ನಾಳ ನಾಳವಾಗಿ ಉಳಿಯುತ್ತದೆ.

ಕೋಶದಮ್ಮ ಆ ಕೋಶಗಳನ್ನು ಮೆತ್ತನೆಯ ಲೋಳೆಯಂಥ ಒಂದು ಪದಾರ್ಥದೊಳಗೆ ಬಿಟ್ಟು ಬೆಳೆಸಿದಳು. ಒಂದೊಂದು ಕೋಶವೂ ಹೆಚ್ಚಿ ಹೆಚ್ಚಿ ಉಂಡೆಯಾಯಿತು. ವಾರ ಕಳೆಯುವುದರೊಳಗೆ ಉಂಡೆಯ ನಡುವಿನವು ಒಂದೊಂದಾಗಿ ಸತ್ತು, ಒಳಗೆ ಟೊಳ್ಳಾಗಿ, ಸುತ್ತ ಒಂದೇ ಸಾಲು ಕೋಶಗಳು ನಿಂತುಕೊಂಡವು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವಳಿಗೆ ಆ ದಿನ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಆಮೇಲೆ ಮೇಡಂ ಹೇಳಿದಂತೆ ತಳದ ಗುಂಪಿನ ಒಂದು ಪ್ರೋಟೀನಿನ ಬಾಯಿ ಮುಚ್ಚಿಸಿ, ಜೊತೆಗೆ ಕೋಶ ಸಾಯದಂತೆ ಮಾಡಿದರು. ಆ ಡಬ್ಬಿಯ ಉಂಡೆಗಳು ಟೊಳ್ಳಾಗಲಿಲ್ಲ, ಗಟ್ಟಿಯಾಗಿ ತುಂಬಿಕೊಂಡವು.

"ಇದೇನಾ ಮೇಡಂ ಕ್ಯಾನ್ಸರ್?"

"ಅಲ್ಲ. ಆದ್ರೆ ಅದಕ್ಕೆ ಹೋಗೋ ದಾರೀಲಿ ಇದೂ ಒಂದು. ದಿಕ್ಕು ತಪ್ಪಿದ್ದಕ್ಕೆ ರೋಗ ಬಂತೋ, ರೋಗ ಬಂದಿದ್ದಕ್ಕೆ ದಿಕ್ಕು ತಪ್ಪಿತೋ, ಅದೇ ನಮಗೆ ಸರಿಯಾಗಿ ಗೊತ್ತಿಲ್ಲ. ಎರಡೂ ಇರಬಹುದು."

ಹೀಗೇ ಕಾಲ ಸಾಗುತ್ತಿತ್ತು. ಒಂದು ಸಂಜೆ ಪಾತ್ರೆ ತೊಳೆಯುತ್ತಾ ನಿಂತಿದ್ದ ಅಕ್ಕ, ತಿರುಗಿ ನೋಡದೆಯೇ, "ಗುಬ್ಬೀ, ಎದೆ ತೊಟ್ಟಿಂದ ಒಳಬಟ್ಟೆಗೆ ರಕ್ತದ ಚುಕ್ಕಿ ಅಂಟ್ತಾ ಇದೆ ಕಣೆ. ಎಡಗಡೆ. ನೋವೇನೂ ಇಲ್ಲ" ಎಂದಳು. ಚಿಲ್ಲರೆ ಕಡಿಮೆ ಬಿತ್ತು ಎನ್ನುವ ಧಾಟಿಯಲ್ಲಿ ಹೇಳಿದ್ದಳು. ತಂಗಿ ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟಳು.

"ಎಷ್ಟು ದಿನ ಆಯ್ತಕ್ಕಾ?"

"ಆಯ್ತು ಸುಮಾರು ದಿನ. ನಿನಗೆ ಹೇಳಿದ್ರೆ ನಿದ್ದೆ ಕೆಡಿಸ್ಕೊಳ್ತೀಯ ಅಂತ ಸುಮ್ಮನಿದ್ದೆ."

ಸಂಶೋಧನಾಲಯದ ಅಂಗಳ ದಾಟಿದರೆ ಆಸ್ಪತ್ರೆ. ಪರೀಕ್ಷೆಗಳಾದವು, ಸೂಜಿಯಿಂದ ತುಣುಕು ತೆಗೆದರು. ಫಲಿತಾಂಶ ಹೇಳುವ ದಿನ ಮೂವರೂ ಹೋಗಿ ಡಾಕ್ಟರರ ಎದುರು ಕುಳಿತರು. ಡಾಕ್ಟರು ಚಿಕ್ಕ ವಯಸ್ಸಿನವರು, ಮಾತಿನಲ್ಲಿ ಅವಸರವಿರಲಿಲ್ಲ.

"ಹಾಲಿನ ನಾಳದ ಒಳಗೆ ಕೋಶಗಳು ತುಂಬ್ಕೊಂಡಿವೆ ಅಮ್ಮ. ನಾಳದ ಸುತ್ತ ಇರೋ ಪೊರೆ ಒಡೆದ ಹಾಗೆ ಕಾಣಲ್ಲ. ಅದು ಒಳ್ಳೇದೇ. ಆದ್ರೆ ತುಂಬಾ ನಾಳಗಳಲ್ಲಿ ಹಬ್ಬಿದೆ. ಎಡಗಡೆದು ಪೂರ್ತಿ ತೆಗೆಯೋದೇ ವಾಸಿ."

"ಒಡೆದಿಲ್ಲ ಅಂತೀರ, ತೆಗೀಬೇಕು ಅಂತೀರ. ಸೀಟಲ್ಲಿ ಸುಮ್ಮನೆ ಕೂತವನನ್ನ ಯಾಕೆ ಇಳಿಸ್ಬೇಕು ಡಾಕ್ಟ್ರೇ?" ಎಂದಳು ಅಕ್ಕ.

ಡಾಕ್ಟರು ನಗಲೂ ಇಲ್ಲ, ಬೇಸರಪಟ್ಟುಕೊಳ್ಳಲೂ ಇಲ್ಲ. "ಇವತ್ತೇ ಹೇಳಬೇಕಾಗಿಲ್ಲ. ಯೋಚನೆ ಮಾಡಿ. ಆದ್ರೆ ತುಂಬಾ ದಿನ ತಗೋಬೇಡಿ" ಎಂದರು.

ಮನೆಗೆ ಬಂದವಳೇ ಅಕ್ಕ ತಂಗಿಯ ಮೇಲೆ ತಿರುಗಿಬಿದ್ದಳು. "ಅಲ್ಲಿ ಬಾಯಿ ಹೊಲ್ಕೊಂಡು ಕೂತಿದ್ಯಲ್ಲ, ಇಷ್ಟು ವರ್ಷ ಅದನ್ನೇ ತಾನೆ ಸಾಕಿರೋದು ನೀನು? ತೆಗೆಸ್ಬೇಕೋ ಬೇಡ್ವೋ ಒಂದು ಮಾತು ಹೇಳೋಕೆ ಏನಾಗಿತ್ತು?"

"ನಂಗೆ ಗೊತ್ತಿರೋದು ಡಬ್ಬೀಲಿರೋದು ಅಕ್ಕ. ನಿನ್ನೊಳಗಿರೋದು ನಂಗೆ ಗೊತ್ತಿಲ್ಲ."

"ಹಾಗಾದ್ರೆ ಡಬ್ಬೀಲಿರೋದನ್ನೇ ತೋರಿಸು."

ಭಾವ ಇಬ್ಬರ ಮುಖವನ್ನೂ ನೋಡಿ, ಎದ್ದು ಚಹಾಕ್ಕೆ ನೀರಿಟ್ಟ. ಅವನಿಗೆ ತೋಚಿದ್ದು ಅಷ್ಟೇ.

ಮೇಡಂ ಬೇಡ ಎನ್ನಲಿಲ್ಲ. ತಾವೇ ಒಂದು ಬಿಳಿ ಕೋಟು ಹುಡುಕಿ ಅಕ್ಕನಿಗೆ ಹಾಕಿಸಿದರು. ಬಸ್ಸಿನಲ್ಲಿ ಊರನ್ನೇ ಆಳುವ ಹೆಂಗಸು ಆ ಕೋಣೆಯಲ್ಲಿ ಮೈ ಹಿಡಿ ಮಾಡಿಕೊಂಡು, ಯಾವುದನ್ನೂ ಮುಟ್ಟದೆ, ಕೈಗಳನ್ನು ಎದೆಗವಚಿಕೊಂಡು ನಡೆದಳು. ತಂಗಿ ಮೊದಲು ಒಳ್ಳೆಯ ಡಬ್ಬಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅಕ್ಕನಿಗೆ ಕಣ್ಣು ಹೊಂದಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

"ಬಳೆ ಥರ ಇದೆಯಲ್ಲೇ."

"ಬಳೆ ಅಲ್ಲಕ್ಕ, ಚೆಂಡು. ಒಳಗೆ ಖಾಲಿ. ಸುತ್ತ ನಿಂತಿರೋದೆಲ್ಲ ಕೋಶ."

ಆಮೇಲೆ ಇನ್ನೊಂದು ಡಬ್ಬಿ ಇಟ್ಟಳು. ಅಕ್ಕ ಬಹಳ ಹೊತ್ತು ನೋಡಿದಳು. ಕೊನೆಗೆ ಕಣ್ಣು ತೆಗೆಯದೆಯೇ, "ಸೀಟಲ್ಲಿ ಇರಬೇಕಾದವರೆಲ್ಲ ಎದ್ದು ನಡುದಾರೀಲಿ ನಿಂತ್ಬಿಟ್ಟಿದಾರೆ" ಎಂದಳು. ಬಾಗಿಲ ಬಳಿ ನಿಂತಿದ್ದ ಮೇಡಂ, "ಸರಿಯಾಗಿ ಹೇಳಿದ್ರಿ" ಎಂದರು.

"ನನ್ನೊಳಗೂ ಹೀಗೇ ಇದೆಯಾ?"

"ಹೆಚ್ಚೂಕಡಿಮೆ ಹೀಗೇ."

"ಇವು ಗೋಡೆ ಒಡ್ಕೊಂಡು ಹೊರಗೆ ಹೋಗ್ತಾವಾ?"

ಕೋಶದಮ್ಮ ಮೇಡಂ ಕಡೆ ನೋಡಿದಳು. ನೀನೇ ಹೇಳು ಎನ್ನುವಂತೆ ಮೇಡಂ ತಲೆಯಾಡಿಸಿದರು. "ಕೆಲವು ಹೋಗ್ತಾವೆ ಅಕ್ಕ. ಕೆಲವು ಸಾಯೋತನಕ ಒಳಗೇ ಇದ್ದುಬಿಡ್ತಾವೆ. ಯಾವುದು ಹೋಗುತ್ತೆ ಅಂತ ನೋಡಿದ ತಕ್ಷಣ ಖಚಿತವಾಗಿ ಹೇಳೋಕೆ ಯಾರಿಗೂ ಬರಲ್ಲ. ನಂಗೂ ಬರಲ್ಲ, ಮೇಡಂಗೂ ಬರಲ್ಲ, ಆ ಡಾಕ್ಟ್ರಿಗೂ ಬರಲ್ಲ. ಅದಕ್ಕೇ ತೆಗೀರಿ ಅಂತಾರೆ."

ಅಕ್ಕ ಕೋಟು ಬಿಚ್ಚಿ ಮಡಿಚಿ ಮೇಜಿನ ಮೇಲಿಟ್ಟಳು. ಅಂಗಳದಲ್ಲಿ ಬಿಸಿಲಿತ್ತು. ಅರ್ಧ ದಾರಿ ಬಂದ ಮೇಲೆ, "ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ್ಯಲ್ಲ, ಅದೊಂದು ಸಾಕು. ತೆಗೆಸ್ಕೋತೀನಿ" ಎಂದಳು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ, ಪರೀಕ್ಷೆಗೆ ಬಳಸಿ ಉಳಿದ ಅಂಗಾಂಶವನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಆಸ್ಪತ್ರೆಯವರು ಕೇಳಿದರು. "ನಂಗೆ ಬೇಡ ಅಂತ ತೆಗೆಸ್ಕೊಳ್ಳೋದನ್ನ ಮನೆಗೆ ತಗೊಂಡು ಹೋಗಿ ಏನು ಮಾಡ್ಲಿ? ಕೊಡಿ, ನನ್ನ ತಂಗಿ ಸಾಕ್ತಾಳೆ" ಎಂದು ಅಕ್ಕ ನಗೆಯಾಡಿದಳು. ಆ ನಗೆಗೆ ವಾರ್ಡಿನ ನರ್ಸೂ ನಕ್ಕಳು. ತಂಗಿ ಮಾತ್ರ ಮುಖ ಆ ಕಡೆಗೆ ತಿರುಗಿಸಿದಳು.

ತೆಗೆದದ್ದನ್ನು ಪೂರ್ತಿ ಪರೀಕ್ಷಿಸಿದಾಗ ಒಂದು ಕಡೆ ಪೊರೆ ಒಡೆದಿದ್ದು ಕಂಡಿತು. ಒಂದೇ ಕಡೆ, ಸಣ್ಣ ಜಾಗ. ಕಂಕುಳಿನ ಗಂಟುಗಳಿಗೆ ಹಬ್ಬಿರಲಿಲ್ಲ. ಆದರೆ ಕೋಶಗಳ ಸ್ವಭಾವ ಅಷ್ಟು ಒಳ್ಳೆಯದಲ್ಲ, ಕೆಲವು ತಿಂಗಳು ಔಷಧಿ ಏರಿಸಬೇಕು ಎಂದರು ಡಾಕ್ಟರು. ಅಕ್ಕ ಭಾವನ ಕಡೆ ತಿರುಗಿ, "ಒಬ್ಬ ಇಳಿದೇಬಿಟ್ಟಿದಾನೆ ನೋಡಿ, ನಂಗೆ ಗೊತ್ತೇ ಆಗ್ಲಿಲ್ಲ" ಎಂದಳು. ಭಾವ ಅವಳ ಕೈ ಹಿಡಿದುಕೊಂಡ.

ಸಂಶೋಧನಾಲಯಕ್ಕೆ ಬರುವ ಅಂಗಾಂಶದ ಮೇಲೆ ಹೆಸರಿರುವುದಿಲ್ಲ, ಒಂದು ಸಂಖ್ಯೆ ಇರುತ್ತದೆ ಅಷ್ಟೇ. ಆದರೆ ಆ ವಾರ ಬಂದದ್ದು ಒಂದೇ. ಮೇಡಂ ಅವಳನ್ನು ಕರೆದು, "ನೀನು ಮಾಡ್ಬೇಕು ಅಂತೇನಿಲ್ಲ. ಬೇರೆಯವರಿಗೆ ಹೇಳ್ತೀನಿ" ಎಂದರು. ಅವಳು ಬೇಡ, ತಾನೇ ಮಾಡುತ್ತೇನೆ ಎಂದಳು. ಯಾಕೆ ಬೇಡ ಎಂದಳೋ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಬೇರೆ ಯಾರೋ ಆ ಡಬ್ಬಿಯ ಮುಚ್ಚಳ ತೆಗೆದು ಹಾಕುವುದು ಅವಳಿಗೆ ಬೇಕಿರಲಿಲ್ಲ.

ರೋಗ ಮುಟ್ಟದ ಮೂಲೆಯಿಂದ ತೆಗೆದ ಕೋಶಗಳು ಒಂದು ಡಬ್ಬಿ, ರೋಗದ ಜಾಗದವು ಇನ್ನೊಂದು. ಡಬ್ಬಿಯಲ್ಲಿ ಹುಟ್ಟಿ ಡಬ್ಬಿಯಲ್ಲೇ ಬೆಳೆದ ಹಳೆಯ ತಳಿಗಳ ಹಾಗಲ್ಲ ಇವು. ಮೈಯಿಂದ ಆಗಷ್ಟೇ ಬಂದವು, ಬಲು ನಾಜೂಕು, ಬೆಳವಣಿಗೆಯೂ ನಿಧಾನ. ಅವಳು ದಿನಕ್ಕೆರಡು ಸಲ ನೋಡಿ ಬರುತ್ತಿದ್ದಳು. ಒಳ್ಳೆಯ ಕೋಶಗಳು ಲೋಳೆಯೊಳಗೆ ಕಾಲೂರಿ ಉಂಡೆಯಾದವು, ನಡುವೆ ಟೊಳ್ಳು ಮೂಡತೊಡಗಿತು. ಸಂಜೆ ಮನೆಗೆ ಬಂದು ಅಕ್ಕನ ಮಂಚದ ಪಕ್ಕ ಕುಳಿತು, "ನಿನ್ನವು ಚೆನ್ನಾಗಿ ದಿಕ್ಕು ಹಿಡಿದಿದಾವೆ ಅಕ್ಕ" ಎಂದಳು. ಔಷಧಿಯ ಏಟಿಗೆ ತಲೆಗೂದಲೆಲ್ಲ ಉದುರಿ ಸೊರಗಿದ್ದ ಅಕ್ಕ, "ನನ್ನವು ಅಂದ್ಮೇಲೆ ಹೇಳಿದ ಮಾತು ಕೇಳಲೇಬೇಕು" ಎಂದಳು.

ಆಮೇಲೆ ಸಾಲು ರಜೆ ಬಂತು. ಆಗಲೇ ಅಕ್ಕನಿಗೆ ಜ್ವರ ಏರಿತು. ಔಷಧಿಯಿಂದ ರಕ್ತದ ಬಿಳಿಕಣಗಳೆಲ್ಲ ಇಳಿದುಹೋಗಿ, ಸೋಂಕು ಮೈಯೆಲ್ಲ ಹರಡಿತ್ತು. ಆಸ್ಪತ್ರೆಗೆ ಸೇರಿಸಿದರು. ಅಕ್ಕ ಏನೇನೋ ಬಡಬಡಿಸುತ್ತಿದ್ದಳು, "ಮುಂದೆ ಹೋಗಿ, ಮುಂದೆ ಖಾಲಿ ಇದೆ" ಎಂದು ಕಾಣದ ಪ್ರಯಾಣಿಕರನ್ನು ಗದರುತ್ತಿದ್ದಳು. ತಂಗಿ ಮಂಚದ ಪಕ್ಕ ಬಿಟ್ಟು ಏಳಲಿಲ್ಲ. ಹಣೆಗೆ ಒದ್ದೆ ಬಟ್ಟೆ ಇಟ್ಟಳು, ತುಟಿಗೆ ನೀರು ತಾಗಿಸಿದಳು, ಸೀಸೆಯಿಂದ ಇಳಿಯುವ ಹನಿಗಳನ್ನೇ ನೋಡಿದಳು. ಜ್ವರ ಇಳಿದು ಅಕ್ಕ ಕಣ್ಣು ಬಿಟ್ಟು, "ಹಸಿವಾಗ್ತಿದೆ ಕಣೆ" ಎಂದ ಬೆಳಿಗ್ಗೆ ಅವಳಿಗೆ ಡಬ್ಬಿಗಳ ನೆನಪಾಯಿತು. ಅಂಗಳ ದಾಟಿದರೆ ಇರುವ ಕೋಣೆ ಅದು. ಯಾರಿಗಾದರೂ ಫೋನು ಮಾಡಿದ್ದರೂ ಸಾಕಿತ್ತು. ಇಷ್ಟು ದಿನದಲ್ಲಿ ಒಮ್ಮೆಯೂ ಅದು ತಲೆಗೇ ಹೊಳೆದಿರಲಿಲ್ಲ.

ಓಡುತ್ತಾ ಹೋಗಿ ಪೆಟ್ಟಿಗೆ ತೆರೆದಳು. ದ್ರವವೆಲ್ಲ ಹಳದಿ ಬಿದ್ದಿತ್ತು. ಹಳೆಯ ತಳಿಗಳು ಸೊರಗಿದ್ದರೂ ಉಸಿರು ಹಿಡಿದುಕೊಂಡಿದ್ದವು. ಅಕ್ಕನ ಎರಡು ಡಬ್ಬಿಗಳಲ್ಲೂ ಕೋಶಗಳು ಪುಡಿಪುಡಿಯಾಗಿ ತೇಲುತ್ತಿದ್ದವು. ಶೀತಪೆಟ್ಟಿಗೆಯಲ್ಲಿ ತೆಗೆದಿಡುವಷ್ಟು ಅವು ಇನ್ನೂ ಹೆಚ್ಚಿರಲಿಲ್ಲ. ಅವಳು ಸ್ಟೂಲಿನ ಮೇಲೆ ಕುಳಿತು ಹಳೆಯ ತಳಿಗಳ ದ್ರವ ಬದಲಿಸತೊಡಗಿದಳು.

ರಜೆ ಮುಗಿಸಿ ಬಂದ ಮೇಡಂ ಮುಂದೆ ನಿಂತು, "ಮರೆತುಬಿಟ್ಟೆ ಮೇಡಂ" ಎಂದಳು. ಮೇಡಂ ಡಬ್ಬಿಗಳನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿದರು. "ಅಕ್ಕ ಹೇಗಿದಾರೆ?" ಎಂದು ಕೇಳಿದರು. "ಊಟ ಮಾಡಿದ್ಲು" ಎಂದಳು ಅವಳು. "ಹಾಗಾದ್ರೆ ಸರಿ" ಎಂದು ಹೇಳಿ ಮೇಡಂ ಒಳಗೆ ಹೋದರು.

ಅಕ್ಕನಿಗೆ ಹೇಳದೆ ಇರುವುದು ಅವಳಿಂದಾಗಲಿಲ್ಲ. ಕೇಳಿದ ಅಕ್ಕ ದಿಂಬಿಗೆ ಒರಗಿ ಅವಳನ್ನೇ ನೋಡಿದಳು. "ನನ್ನನ್ನ ಉಳಿಸೋಕೆ ಹೋಗಿ ನನ್ನನ್ನೇ ಸಾಯಿಸಿದ್ಯಲ್ಲೇ" ಎಂದಳು. ಮೊದಲು ನಗು ಬಂತು, ಆಮೇಲೆ ಇಬ್ಬರಿಗೂ ಅಳು ಬಂತು. ಪಕ್ಕದ ಮಂಚದ ಮುದುಕಿ ಗಾಬರಿಯಾಗಿ ನರ್ಸನ್ನು ಕೂಗಿದಳು.

ಅದಾದ ಮೇಲೆ ಅಕ್ಕ ಚೆನ್ನಾಗಿಯೇ ಇದ್ದಳು. ಕೂದಲು ಬೆಳೆಯಿತು, ಮೊದಲಿನಂತೆ ನೆಟ್ಟಗಲ್ಲ, ಗುಂಗುರು ಗುಂಗುರಾಗಿ. ಡಿಪೋದವರು ಕಚೇರಿಯೊಳಗಿನ ಕೆಲಸ ಕೊಡುತ್ತೇವೆಂದರೆ ಒಪ್ಪದೆ ಮತ್ತೆ ಬಸ್ಸು ಹತ್ತಿದಳು. ಅವಳ ನಿವೃತ್ತಿಯ ದಿನ ಗಂಡ ಹೆಂಡತಿ ಇಬ್ಬರೂ ಖಾಲಿ ಬಸ್ಸನ್ನು ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದರು. ಆ ಒಳ್ಳೆಯ ವರ್ಷಗಳಲ್ಲಿ ರೋಗದ ಮಾತು ಮನೆಯಲ್ಲಿ ಬರುತ್ತಲೇ ಇರಲಿಲ್ಲ.

ಬೆನ್ನು ನೋವು ಶುರುವಾದಾಗ ಎಲ್ಲರೂ ಬಸ್ಸಿನ ಕುಲುಕಾಟದ ಫಲ ಎಂದುಕೊಂಡರು. ಆದರೆ ಹಳೆಯ ರೋಗ ಬೆನ್ನುಮೂಳೆಗೆ ಬಂದು ಕೂತಿತ್ತು. ಈ ಸಲ ಡಾಕ್ಟರು ವಾಸಿ ಎನ್ನುವ ಮಾತು ಆಡಲಿಲ್ಲ, ನೋವು ಕಡಿಮೆ ಮಾಡುತ್ತೇವೆ ಎಂದರು. ಅಕ್ಕನ ಮಂಚವನ್ನು ಬೀದಿ ಕಾಣುವ ಕಿಟಕಿಯ ಪಕ್ಕಕ್ಕೆ ಸರಿಸಿದರು.

ಒಂದು ಮಧ್ಯಾಹ್ನ ಅಕ್ಕ ಕೇಳಿದಳು. "ಗುಬ್ಬೀ, ಅದಕ್ಕೆ ತಲೆ ಯಾವುದು ಕಾಲು ಯಾವುದು ಅಂತಲೇ ಗೊತ್ತಿಲ್ಲ ಅಂತಿದ್ದೆ. ಮತ್ತೆ ಎದೆಯಿಂದ ಬೆನ್ನಿಗೆ ದಾರಿ ಹೇಗೆ ಸಿಕ್ತೇ ಅದಕ್ಕೆ?"

ತಂಗಿ ಅವಳ ಪಾದ ಒತ್ತುತ್ತಿದ್ದಳು. "ಅದಕ್ಕೇನೂ ಕಣ್ಣಿಲ್ಲ ಅಕ್ಕ. ನೆರೆಯವರ ಕೈ ಬಿಟ್ಟ ಮೇಲೆ ಹೊರಟುಬಿಡ್ತಾವೆ. ಸಾವಿರಾರು ಹೊರಡ್ತಾವೆ, ರಕ್ತದಲ್ಲೇ ಸತ್ತುಹೋಗ್ತಾವೆ. ಯಾವುದೋ ಒಂದಕ್ಕೆ ಎಲ್ಲೋ ಹಿಡಿಸೋ ಜಾಗ ಸಿಗುತ್ತೆ, ಅಲ್ಲಿ ಕೂತ್ಬಿಡುತ್ತೆ. ಎಷ್ಟೋ ವರ್ಷ ಸದ್ದಿಲ್ಲದೆ ಕೂತಿರುತ್ತೆ."

"ಅಂದ್ರೆ ನಾನು ಸುಖವಾಗಿ ಬಸ್ಸಲ್ಲಿ ಓಡಾಡ್ತಿದ್ದಾಗಲೂ ಅದು ಬೆನ್ನಲ್ಲಿ ಕೂತಿತ್ತು."

"ಇರಬಹುದು."

ಅಕ್ಕ ಕಿಟಕಿಯಾಚೆ ನೋಡಿದಳು. ಇಳಿಜಾರಿನಲ್ಲಿ ಒಂದು ಬಸ್ಸು ಗೇರು ಬದಲಿಸಿ ತಿಣುಕುತ್ತಾ ಏರುತ್ತಿತ್ತು. "ಕೂತ್ರೆ ಕೂರ್ಲಿ ಬಿಡು. ಓಡಾಡಿದ್ದಂತೂ ನಾನೇ" ಎಂದಳು.

ಬೇಸಿಗೆ ಮುಗಿಯುವ ಮುನ್ನವೇ ಅಕ್ಕ ಹೋದಳು. ಬೆಳಿಗ್ಗೆ ಭಾವ ಚಹಾ ತಂದಾಗ ಎಚ್ಚರವಿದ್ದಳು, ಲೋಟ ತೊಳೆದಿಟ್ಟು ಬರುವುದರೊಳಗೆ ಇರಲಿಲ್ಲ. ಎಲ್ಲ ಮುಗಿದ ಮೇಲೆ ಕೋಶದಮ್ಮ ಕೆಲಸಕ್ಕೆ ಮರಳಿದಳು. ಕೆಲವರು ಜಾಗ ಬದಲಿಸಿಕೋ ಎಂದರು. ಅವಳು ಕೇಳಿಸಿಕೊಂಡಳು, ಬದಲಿಸಲಿಲ್ಲ. ಭಾವನನ್ನು ಒಬ್ಬನೇ ಬಿಡಲಾಗದೆ ಊಟಕ್ಕೆ ದಿನವೂ ಕೆಳಗಿಳಿದು ಬರುತ್ತಿದ್ದಳು. ಅಡುಗೆ ಅವನದೇ. ಇಷ್ಟು ವರ್ಷ ಮಾತಾಡದೆ ಉಳಿಸಿಕೊಂಡದ್ದನ್ನೆಲ್ಲ ಅವನು ಈಗ ಒಲೆಯ ಮುಂದೆ ನಿಂತು ಒಂದೊಂದಾಗಿ ಮಾತಾಡತೊಡಗಿದ.

ಮೇಡಂ ನಿವೃತ್ತರಾಗುವ ಮುಂಚಿನ ಚಳಿಗಾಲದಲ್ಲಿ, ತುಂಬಿಕೊಂಡ ಉಂಡೆಗಳ ಡಬ್ಬಿಗೆ ಅವರು ಒಂದು ಪದಾರ್ಥ ಹಾಕಿಸಿದರು. ತಳದ ಪೊರೆಯಿಂದ ಕೋಶಕ್ಕೆ ಹೋಗುವ ಅತಿಯಾದ ಸಂದೇಶವನ್ನು ಅದು ತಡೆಯುತ್ತಿತ್ತು. ಬೇರೆ ಕಡೆ, ಬೇರೆ ತಳಿಗಳಲ್ಲಿ ಹೀಗೆ ಮಾಡಿ ನೋಡಿದವರಿದ್ದರು. ಇವರ ಕೈಯಲ್ಲಿ ಇದೇ ಮೊದಲು. ಕೋಶದಮ್ಮ ದಿನಾ ನೋಡುತ್ತಾ ಬಂದಳು. ಒಂದು ಬೆಳಿಗ್ಗೆ ಉಂಡೆಗಳು ಚಿಕ್ಕವಾಗಿದ್ದವು. ಎಲ್ಲವೂ ಅಲ್ಲ, ಕೆಲವು. ಆ ಕೆಲವುಗಳಲ್ಲಿ ಸುತ್ತಲ ಕೋಶಗಳು ಮತ್ತೆ ಒಂದೇ ಸಾಲಿನಲ್ಲಿ ನಿಂತಿದ್ದವು. ಕೆಡುಕು ಒಳಗೆ ಇದ್ದ ಹಾಗೇ ಇದ್ದರೂ ಅವಕ್ಕೆ ತಲೆ ಕಾಲು ಮತ್ತೆ ನೆನಪಾಗಿತ್ತು. ಅವಳು ಮೇಡಂ ಅನ್ನು ಕರೆದು ತೋರಿಸಿದಳು. ಇಬ್ಬರೂ ಸರದಿಯಲ್ಲಿ ನೋಡಿದರು.

ಸಂಜೆ ಊಟಕ್ಕೆ ಕುಳಿತಾಗ ಭಾವನಿಗೆ ಹೇಳಿದಳು. ಅವನು ಸೌಟು ಹಿಡಿದುಕೊಂಡೇ ಪೂರ್ತಿ ಕೇಳಿದ.

"ಮನುಷ್ಯರಲ್ಲೂ ಹಾಗಾಗುತ್ತಾ?"

"ಇಲ್ಲ ಭಾವ. ಇದು ಬರೀ ಡಬ್ಬೀಲಿ. ಮನುಷ್ಯರ ಮಾತು ಬೇರೆ. ಇನ್ನೂ ಎಷ್ಟು ಕಾಲ ಬೇಕೋ ಏನೋ."

"ಸರಿ ಹಾಗಾದ್ರೆ" ಎಂದ ಅವನು, ಅವಳ ತಟ್ಟೆಗೆ ಬಡಿಸುತ್ತಾ. "ನಾಳೆ ಭಾನುವಾರ. ನೀನು ಹೋಗೋದು ಎಷ್ಟೊತ್ತಿಗೆ ಹೇಳು, ಬೇಗ ಎದ್ದು ತಿಂಡಿ ಮಾಡ್ತೀನಿ."